ಹಾಯಿದೋಣಿಗೆ ಬ್ಯಾಟರಿ ಮೋಟಾರಾ, ಪೆಟ್ರೋಲ್ ಮೋಟಾರಾ? ಎರಡೂ ಓಡಿಸಿದವನ ರಿವ್ಯೂ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ತೀರ್ಪು ಹೇಳ್ಬಿಡ್ತೀನಿ. ನಿಮ್ಮ ದೋಣಿ 22 ಅಡಿ ಒಳಗಿದೆ, ನೀವು ನಿಜವಾಗ್ಲೂ ಹಾಯಿ ಎತ್ತಿ ಗಾಳಿಲಿ ಓಡಾಡೋ ಪೈಕಿ, ಮೋಟಾರ್ ಬೇಕಾಗೋದು ಮರೀನಾದಿಂದ (ದೋಣಿ ಕಟ್ಟಿಡೋ ಸಣ್ಣ ಬಂದರು) ಹೊರಗೆ ಬರೋಕೆ ಮತ್ತೆ ಒಳಗೆ ಹೋಗೋಕೆ ಮಾತ್ರ ಅಂತಾದ್ರೆ ಬ್ಯಾಟರಿ ಮೋಟಾರ್ ತಗೊಳ್ಳಿ. ಗಾಳಿ ಸ್ವಲ್ಪ ಬಿದ್ದ ಕೂಡ್ಲೇ ಹಾಯಿ ಮಡಚಿಟ್ಟು ಮೋಟಾರ್ ಹಾಕ್ಕೊಂಡು ರಾತ್ರಿ ಊಟದ ಹೊತ್ತಿಗೆ ಮನೆ ಸೇರ್ಬೇಕು ಅನ್ನೋರಾದ್ರೆ ಪೆಟ್ರೋಲ್ದೇ ಸರಿ, ಬೇರೆ ಯೋಚನೆನೇ ಬೇಡ.

ಈ ವಿಷಯ ಎತ್ತಿದ ತಕ್ಷಣ ಜನ ಎಷ್ಟು ಎಚ್‌ಪಿ, ಎಷ್ಟು ಡಾಲರ್, ಪರಿಸರಕ್ಕೆ ಯಾವುದು ಒಳ್ಳೇದು ಅಂತ ಶುರು ಮಾಡ್ತಾರೆ. ಅವೆಲ್ಲ ಆಮೇಲೆ ಮಾರಾಯ್ರೆ. ನಾನು ಕೇಳೋ ಪ್ರಶ್ನೆ ಒಂದೇ, ನಿಮ್ಮ ಮೋಟಾರ್ ವರ್ಷದಲ್ಲಿ ಎಷ್ಟು ಹೊತ್ತು ಓಡುತ್ತೆ? ಪೆಟ್ರೋಲ್ ಮೋಟಾರ್ ಎಮ್ಮೆ ಇದ್ದಂಗೆ, ದಿನಾ ಹಿಂಡ್ತಾ ಇದ್ರೆ ಸರಿ ಇರುತ್ತೆ, ನಾಕು ದಿನ ಬಿಟ್ರೆ ಕೆಚ್ಚಲು ಬಾತ್ಕೊಂಡು ಕೂರುತ್ತೆ. ಬ್ಯಾಟರಿ ಮೋಟಾರಿಗೆ ಆ ತಕರಾರಿಲ್ಲ, ಎರಡು ತಿಂಗಳು ಮುಟ್ಟದೆ ಇಟ್ಟು ಆಮೇಲೆ ಹೋಗಿ ಹ್ಯಾಂಡಲ್ ತಿರುಗಿಸಿದ್ರೂ ಓಡುತ್ತೆ, ಆದ್ರೆ ಒಂದೇ ದಿನ ಮೂರ್ನಾಕು ಗಂಟೆ ಜೋರಾಗಿ ಓಡಿಸ್ತೀನಿ ಅಂದ್ರೆ ಕೈ ಎತ್ತಿಬಿಡುತ್ತೆ. ಹಾಯಿದೋಣಿ ಇಟ್ಕೊಂಡಿರೋರಲ್ಲಿ ಚೆನ್ನಾಗಿ ಹಾಯಿ ಓಡಿಸೋರ ಮೋಟಾರೇ ಕಮ್ಮಿ ಓಡೋದು, ಹಾಗಾಗಿ ಅವರ ಪೆಟ್ರೋಲ್ ಮೋಟಾರೇ ಬೇಗ ಕೆಡೋದು. ಅಂಗಡಿಯವರು ಇದನ್ನ ಬಾಯಿಬಿಟ್ಟು ಹೇಳಲ್ಲ.

ನಂದು ಕ್ಯಾಟಲಿನಾ 22, ಕ್ಯಾಲಿಫೋರ್ನಿಯಾದ ಬರ್ಕ್ಲಿ ಮರೀನಾದಲ್ಲಿ ಇದೆ. ಗೊತ್ತಿಲ್ಲದವರಿಗೆ, ಇದು ಅಮೆರಿಕದಲ್ಲಿ ಸಣ್ಣ ಹಾಯಿದೋಣಿಗಳ ಪೈಕಿ ಮಾರುತಿ 800 ಅನ್ನೋ ಥರದ್ದು ಅಂತ ಹೇಳೋಣ ಅಂದ್ಕೊಂಡೆ, ಆದ್ರೆ ಎಮ್ಮೆ ಆಗ್ಲೇ ಬಂದುಹೋಗಿದೆ, ಸಾಕು. ಫ್ರಾಂಕ್ ಬಟ್ಲರ್ ಅನ್ನೋರು ಡಿಸೈನ್ ಮಾಡಿದ್ದು, 1970ರ ಆಸುಪಾಸಿಂದ ಇಲ್ಲಿವರೆಗೆ 15,000ಕ್ಕೂ ಜಾಸ್ತಿ ಮಾಡಿದ್ದಾರೆ, ಹಾಗಾಗಿ ಯಾವ ಮರೀನಾಗೆ ಹೋದ್ರೂ ಒಂದಾದ್ರೂ ಕಾಣುತ್ತೆ. ಹಳೇದು ಎರಡು ಮೂರು ಸಾವಿರ ಡಾಲರ್‌ಗೆ ಸಿಗುತ್ತೆ. ತಮಾಷೆ ಏನಂದ್ರೆ ಅದರ ಹಿಂದೆ ನೇತಾಕೋ ಹೊಸ ಮೋಟಾರಿಗೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತೆ, ದೋಣಿ ಕೊಂಡ ಖುಷಿ ಮೋಟಾರ್ ಬಿಲ್ ನೋಡಿದಾಗ ಇಳಿದುಹೋಗುತ್ತೆ.

ಎರಡೂ ಥರದ್ದು ಇದೇ ದೋಣಿ ಮೇಲೆ ಓಡಿಸಿದ್ದೀನಿ. ಮೊದಲು ದೋಣಿ ಜೊತೆಗೇ ಬಂದ ಹಳೇ ಪೆಟ್ರೋಲ್ ಮೋಟಾರ್ (ಕಂಪನಿ ಹೆಸರು ಬೇಡ, ತಪ್ಪು ಅವರದ್ದೂ ಅಲ್ಲ), ಈಗ ಇಪ್ರೊಪಲ್ಷನ್ ಸ್ಪಿರಿಟ್ 1.0 ಪ್ಲಸ್ ಅನ್ನೋ ಬ್ಯಾಟರಿ ಮೋಟಾರ್. ಪಕ್ಕದ ಸ್ಲಿಪ್‌ನವರದ್ದೂ (ಸ್ಲಿಪ್ ಅಂದ್ರೆ ಮರೀನಾದಲ್ಲಿ ಒಂದು ದೋಣಿ ಕಟ್ಟೋ ಜಾಗ) ನಮ್ಮಂಥದ್ದೇ ದೋಣಿ, ಅವರ ಹತ್ರ ಟೊಹಾಟ್ಸು 6 ಎಚ್‌ಪಿ ಸೇಲ್ ಪ್ರೊ ಅನ್ನೋ ಪೆಟ್ರೋಲ್ ಮೋಟಾರ್ ಇದೆ, ಅದನ್ನೂ ಅವಾಗವಾಗ ಓಡಿಸ್ತೀನಿ, ಹಾಗಾಗಿ ಹೋಲಿಸೋಕೆ ಅನುಕೂಲ ಆಯ್ತು.

ಸ್ವಲ್ಪ ಲೆಕ್ಕ ಮಾಡೋಣ, ಬೋರ್ ಅನಿಸಿದ್ರೂ ಇದಿಲ್ಲದೆ ಮುಂದಿಂದು ಅರ್ಥ ಆಗಲ್ಲ. ಕೀಲ್ (ತಳದಿಂದ ನೀರೊಳಗೆ ಇಳಿದಿರೋ ಭಾರದ ರೆಕ್ಕೆ) ಇರೋ ದೋಣಿ ನೀರನ್ನ ಸೀಳ್ಕೊಂಡು ಹೋಗೋದು, ಸ್ಪೀಡ್‌ಬೋಟ್ ಥರ ನೀರ ಮೇಲೆ ಎದ್ದು ಜಾರಲ್ಲ. ನೀರಿಗೆ ತಾಗೋ ಉದ್ದ ಎಷ್ಟಿದೆ ಅನ್ನೋದ್ರ ಮೇಲೆ ಅದರ ಸ್ಪೀಡಿಗೊಂದು ಮಿತಿ ಇದೆ. ಆ ಉದ್ದವನ್ನ ಅಡಿಲಿ ತಗೊಂಡು ವರ್ಗಮೂಲ ತೆಗೆದು 1.34ರಿಂದ ಗುಣಿಸಿದ್ರೆ ಆ ಮಿತಿ ನಾಟ್ ಲೆಕ್ಕದಲ್ಲಿ ಬರುತ್ತೆ (ಒಂದು ನಾಟ್ ಅಂದ್ರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಸುಮಾರು 1.85 ಕಿಮೀ). ಕ್ಯಾಟಲಿನಾ 22ಕ್ಕೆ ಆ ಉದ್ದ 19 ಅಡಿ ಚಿಲ್ಲರೆ, ಅಂದ್ರೆ 5.9 ನಾಟ್. ಅಷ್ಟಕ್ಕೆ ಮುಗೀತು, 6 ಎಚ್‌ಪಿ ಬದಲು 15 ಎಚ್‌ಪಿ ಕಟ್ಟಿದ್ರೂ ಹಿಂದುಗಡೆ ಅಲೆ ದೊಡ್ಡದಾಗುತ್ತೆ ಹೊರತು ದೋಣಿ ಮುಂದಕ್ಕೆ ಓಡಲ್ಲ. ಇನ್ನೊಂದು, ಸ್ಪೀಡ್ ಒಂಚೂರು ಜಾಸ್ತಿ ಬೇಕಂದ್ರೂ ಪವರ್ ಸಿಕ್ಕಾಪಟ್ಟೆ ಜಾಸ್ತಿ ಬೇಕು, ಮಿತಿ ಹತ್ರ ಬಂದಷ್ಟೂ ಇನ್ನೂ ಜಾಸ್ತಿ. ಇದನ್ನೇ ತಿರುಗಿಸಿ ನೋಡಿ, ಸ್ಪೀಡ್ ಸ್ವಲ್ಪ ಬಿಟ್ಕೊಟ್ರೆ ಪವರ್ ತುಂಬಾ ಉಳಿಯುತ್ತೆ. ಬ್ಯಾಟರಿ ಮೋಟಾರಿನ ಬದುಕೆಲ್ಲ ನಿಂತಿರೋದು ಇದರ ಮೇಲೆ.

ಇನ್ನು ಶಕ್ತಿ ಎಷ್ಟಿದೆ ಅನ್ನೋದು. ಮನೆ ಕರೆಂಟ್ ಬಿಲ್ಲಲ್ಲಿ ಯೂನಿಟ್ ಅಂತ ಬರುತ್ತಲ್ಲ, ಅದೇ ಲೆಕ್ಕ ಹಿಡೀರಿ. ಸ್ಪಿರಿಟ್ ಬ್ಯಾಟರಿಲಿ ಇರೋದು 1276 ವ್ಯಾಟ್-ಅವರ್, ಅಂದ್ರೆ ಒಂದೂಕಾಲು ಯೂನಿಟ್. ಒಂದು ಲೀಟರ್ ಪೆಟ್ರೋಲಲ್ಲಿ ಇರೋದು ಸುಮಾರು 9 ಯೂನಿಟ್. ಸಣ್ಣ ಪೆಟ್ರೋಲ್ ಎಂಜಿನ್ ಅದರಲ್ಲಿ ಮುಕ್ಕಾಲಿಗೂ ಜಾಸ್ತಿ ಶಾಖ ಮಾಡಿ ನೀರಿಗೆ ಸುರಿಯುತ್ತೆ, ಬ್ಯಾಟರಿ ಮೋಟಾರ್ ಅಷ್ಟು ಹಾಳು ಮಾಡಲ್ಲ, ಸರಿ. ಅದನ್ನೆಲ್ಲ ಕಳೆದು ನೋಡಿದ್ರೂ ಆ 9 ಕೆಜಿ ಬ್ಯಾಟರಿ ಅಂದ್ರೆ ಹೆಚ್ಚುಕಮ್ಮಿ ಮುಕ್ಕಾಲು ಲೀಟರ್ ಪೆಟ್ರೋಲ್. ಟೊಹಾಟ್ಸು ಜೊತೆ ಇರೋ ಟ್ಯಾಂಕಲ್ಲಿ ಹಿಡಿಯೋದು 11-12 ಲೀಟರ್. ಇದನ್ನ ತಲೇಲಿ ಇಟ್ಕೊಂಡು ಬ್ರೋಷರ್ ಓದಿದ್ರೆ ಯಾರೂ ನಿಮ್ಮನ್ನ ಯಾಮಾರಿಸೋಕಾಗಲ್ಲ.

ಸ್ಪಿರಿಟ್ ಪೂರ್ತಿ 1000 ವ್ಯಾಟಲ್ಲಿ ಓಡಿಸಿದ್ರೆ ಒಂದೂಕಾಲು ಗಂಟೆ ಬರುತ್ತೆ. ನನ್ನ ದೋಣಿ, ಇಬ್ಬರು ಜನ, ನೀರು ಸಮಾಧಾನವಾಗಿದ್ದಾಗ 4 ನಾಟ್‌ಗಿಂತ ಸ್ವಲ್ಪ ಜಾಸ್ತಿ ಹೋಗುತ್ತೆ. ಹ್ಯಾಂಡಲ್ ಹಿಂದಕ್ಕೆ ಎಳೆದು 350 ವ್ಯಾಟ್‌ಗೆ ತಂದ್ರೆ 3 ನಾಟ್ ಹತ್ರ, ಬ್ಯಾಟರಿ ಮೂರೂವರೆ ಗಂಟೆ ಬರುತ್ತೆ. ಅಂದ್ರೆ ಜೋರಾಗಿ ಹೋದ್ರೆ ಐದು ಮೈಲಿ ಚಿಲ್ಲರೆ, ನಿಧಾನ ಹೋದ್ರೆ ಹತ್ತು ಮೈಲಿ (ನಾಟಿಕಲ್ ಮೈಲಿ). ಡಿಸ್‌ಪ್ಲೇಲಿ ಈಗ ಎಷ್ಟು ವ್ಯಾಟ್ ಹೋಗ್ತಿದೆ, ಇದೇ ಥರ ಹೋದ್ರೆ ಎಷ್ಟು ಹೊತ್ತು ಬರುತ್ತೆ ಅಂತ ತೋರಿಸ್ತಾ ಇರುತ್ತೆ, ಅದನ್ನ ನೋಡ್ತಾ ನೋಡ್ತಾ ಮನುಷ್ಯ ತಾನಾಗೇ ಜಿಪುಣ ಆಗ್ತಾನೆ. ಟೊಹಾಟ್ಸು ಅರ್ಧ ಥ್ರಾಟಲಲ್ಲಿ ಇದೇ ದೋಣಿನ 5 ನಾಟ್ ಮೇಲೆ ಆರಾಮಾಗಿ ಎಳೀತದೆ, ಗಂಟೆಗೆ ಒಂದೂವರೆ ಲೀಟರ್ ಆಸುಪಾಸು ಕುಡಿಯುತ್ತೆ, ಲೆಕ್ಕ ಹಾಕಿದ್ರೆ ಒಂದು ಟ್ಯಾಂಕಿಗೆ 35-40 ಮೈಲಿ. ದೂರದ ವಿಷಯದಲ್ಲಿ ಹೋಲಿಕೆನೇ ಇಲ್ಲ.

ಹಾಗಾದ್ರೆ ಯಾಕೆ ಬ್ಯಾಟರಿಗೆ ಹೋದೆ ಅಂತ ಕೇಳ್ತೀರ. ಪೆಟ್ರೋಲ್ ಮೋಟಾರ್ ಕಥೆ ಹೇಳ್ತೀನಿ.

ಇಲ್ಲಿ ಬಂಕಲ್ಲಿ ಸಿಗೋ ಪೆಟ್ರೋಲಲ್ಲಿ 10% ಎಥನಾಲ್ ಇರುತ್ತೆ. ಎಥನಾಲ್ ಗಾಳಿಲಿರೋ ತೇವ ಹೀರ್ಕೊಳ್ಳುತ್ತೆ, ಸಮುದ್ರದ ಪಕ್ಕ ತೇವಕ್ಕೇನು ಬರ. ನೀರು ಒಂದು ಮಟ್ಟಕ್ಕಿಂತ ಜಾಸ್ತಿ ಸೇರಿದ್ರೆ ಎಥನಾಲ್ ನೀರು ಎರಡೂ ಕೂಡ್ಕೊಂಡು ಪೆಟ್ರೋಲಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ, ಎಂಜಿನ್ ಹೀರೋದೂ ಅಲ್ಲಿಂದಲೇ. ಕಾರಲ್ಲಿ ವಾರಕ್ಕೊಂದ್ಸಲ ಟ್ಯಾಂಕ್ ಖಾಲಿ ಆಗೋದ್ರಿಂದ ಗೊತ್ತಾಗಲ್ಲ. ದೋಣಿ ಮೋಟಾರ್ ವಾರಕ್ಕೆ ಹತ್ತು ನಿಮಿಷ ಹೋಗೋಕೆ ಹತ್ತು ನಿಮಿಷ ಬರೋಕೆ ಓಡುತ್ತೆ, ಚಳಿಗಾಲದಲ್ಲಿ ಅದೂ ಇಲ್ಲ, ಅದೇ ಪೆಟ್ರೋಲ್ ತಿಂಗಳುಗಟ್ಟಲೆ ಕೂತಿರುತ್ತೆ. ಕಾರ್ಬ್ಯುರೇಟರ್ ಒಳಗೆ ಉಳಿದ ಚೂರು ಪೆಟ್ರೋಲ್ ಆರಿ ಅಂಟಾಗುತ್ತೆ. ಈ ಸಣ್ಣ ಎಂಜಿನ್‌ಗಳ ಜೆಟ್ (ಪೆಟ್ರೋಲ್ ಚಿಮ್ಮೋ ನಳಿಕೆ) ತೂತು ಎಷ್ಟು ಸಣ್ಣದು ಅಂದ್ರೆ ಒಂದು ಕೂದಲೆಳೆಯಷ್ಟು ಕೊಳೆ ಸಿಕ್ಕಿಕೊಂಡ್ರೂ ಸಾಕು, ಸ್ಟಾರ್ಟ್ ಆಗುತ್ತೆ, ಚೋಕ್ ಎಳೆದಷ್ಟೂ ಹೊತ್ತು ಓಡುತ್ತೆ, ಚೋಕ್ ಒತ್ತಿದ ಕೂಡ್ಲೇ ಗಪ್ ಅಂತ ನಿಂತುಬಿಡುತ್ತೆ. ಹಗ್ಗ ಎಳೆದು ಎಳೆದು ಭುಜ ಹೋಗುತ್ತೆ. ನನ್ನ ಹಳೇದು ಪ್ರತಿ ವಸಂತಕ್ಕೆ ಇದೇ ಆಟ, ಕಾರ್ಬ್ಯುರೇಟರ್ ಬಿಚ್ಚಿ ಕ್ಲೀನರ್ ಹೊಡೆದು ಸಣ್ಣ ತಂತಿ ಹಾಕಿ ಜೆಟ್ ಕ್ಲೀನ್ ಮಾಡೋದು, ಭಾನುವಾರ ಬೆಳಿಗ್ಗೆ ಒಳ್ಳೇ ಗಾಳಿ ಬೀಸ್ತಾ ಇರೋವಾಗ ನಾನು ದಕ್ಕೆ ಮೇಲೆ ಕೂತು ಗ್ಯಾಸ್ಕೆಟ್ ಹುಡುಕ್ತಾ ಇರೋದು.

ಇದಕ್ಕೆ ಮದ್ದಿಲ್ಲ ಅಂತಲ್ಲ. ಪೆಟ್ರೋಲಿಗೆ ಸ್ಟೆಬಿಲೈಜರ್ ಹಾಕಿ, ವಾಪಸ್ ಬಂದಮೇಲೆ ಪೈಪ್ ಕಿತ್ತು ಕಾರ್ಬ್ಯುರೇಟರ್ ಖಾಲಿ ಆಗೋವರೆಗೂ ಎಂಜಿನ್ ಓಡಿಸಿ ನಿಲ್ಲಿಸಿ, ಉಪ್ಪುನೀರಲ್ಲಿ ಓಡಿಸಿದ್ರೆ ಸಿಹಿನೀರಲ್ಲಿ ತೊಳೀರಿ, ಎಂಜಿನ್ ತಣ್ಣಗಿಡೋಕೆ ನೀರು ಪಂಪ್ ಮಾಡೋ ರಬ್ಬರ್ ಇಂಪೆಲರ್ ಕಾಲಕಾಲಕ್ಕೆ ಬದಲಾಯಿಸಿ (ಓಡುವಾಗ ಹಿಂದಿಂದ ನೀರಿನ ಸಣ್ಣ ಧಾರೆ ಬರ್ತಿದೆಯಾ ಅಂತ ನೋಡೋದು ಅಭ್ಯಾಸ ಆಗ್ಬೇಕು, ಬರದಿದ್ರೆ ತಕ್ಷಣ ಆಫ್), ಎಂಜಿನ್ ಆಯಿಲ್, ಗೇರ್ ಆಯಿಲ್, ಸ್ಪಾರ್ಕ್ ಪ್ಲಗ್. ಪಕ್ಕದ ಸ್ಲಿಪ್‌ನವರು ಇದನ್ನೆಲ್ಲ ವ್ರತದ ಥರ ಮಾಡ್ತಾರೆ, ಅವರ ಟೊಹಾಟ್ಸು ಎರಡನೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ, ಮೂರನೇದು ಎಳೆದಿದ್ದು ನಾನು ನೋಡಿಲ್ಲ. ಆದ್ರೆ ಅವರು ಆ ಎಂಜಿನ್ ಓಡಿಸ್ತಾರೆ ಕೂಡ, ಮೀನು ಹಿಡಿಯೋಕೆ ಹೋಗ್ತಾರೆ, ವಾರಾವಾರ ಗಂಟೆಗಟ್ಟಲೆ. ಅಲ್ಲಿಗೆ ನನ್ನ ಮಾತೇ ನಿಜ ಆಯ್ತು.

ಬ್ಯಾಟರಿ ಮೋಟಾರ್ ಹಾಕಿದ ಮೇಲೆ ನನಗೆ ದೊಡ್ಡ ವ್ಯತ್ಯಾಸ ಅನಿಸಿದ್ದು ದಕ್ಕೆಗೆ ಕಟ್ಟೋವಾಗ. ಯಾರೂ ಇದನ್ನ ಸ್ಪೆಕ್ ಶೀಟಲ್ಲಿ ಬರೆಯಲ್ಲ. ಪೆಟ್ರೋಲ್ ಮೋಟಾರಲ್ಲಿ ಮುಂದಿಂದ ನ್ಯೂಟ್ರಲ್, ನ್ಯೂಟ್ರಲ್‌ನಿಂದ ರಿವರ್ಸ್, ಹಿಂದುಗಡೆ ಬಗ್ಗಿ ಗೇರ್ ಹಾಕೋವಾಗ ಚುಕ್ಕಾಣಿ ಕೈಬಿಡ್ಬೇಕು, ಅಷ್ಟರಲ್ಲಿ ಗಾಳಿ ದೋಣಿ ಮೂತಿನ ಪಕ್ಕಕ್ಕೆ ತಳ್ಳಿರುತ್ತೆ, ಮುಂದುಗಡೆ ಹಗ್ಗ ಹಿಡ್ಕೊಂಡು ನಿಂತಿರೋ ಹೆಂಡ್ತಿ ಏನೋ ಕೂಗ್ತಾಳೆ, ಎಂಜಿನ್ ಸದ್ದಲ್ಲಿ ಏನೂ ಕೇಳಿಸಲ್ಲ, ನಾನೂ ಕೂಗ್ತೀನಿ, ಅಕ್ಕಪಕ್ಕದ ದೋಣಿಯವರು ಕಾಫಿ ಹಿಡ್ಕೊಂಡು ನೋಡ್ತಾ ಇರ್ತಾರೆ. ಸ್ಪಿರಿಟಲ್ಲಿ ಹ್ಯಾಂಡಲ್ ಒಂದು ಕಡೆ ತಿರುಗಿಸಿದ್ರೆ ಮುಂದೆ, ಇನ್ನೊಂದು ಕಡೆ ತಿರುಗಿಸಿದ್ರೆ ಹಿಂದೆ, ನಡುವೆ ಬಿಟ್ರೆ ಪ್ರೊಪೆಲ್ಲರ್ ನಿಂತೇಹೋಗುತ್ತೆ. ಐಡಲ್ ಅನ್ನೋದೇ ಇಲ್ಲ. ಬೇಕಾದ್ರೆ ನಡಿಗೆಗಿಂತ ನಿಧಾನಕ್ಕೆ ತೆವಳಿಸ್ಬಹುದು. ಸದ್ದು ಬರೀ ಗುಂಯ್ ಅಂತ, ಹಾಗಾಗಿ ಮಾತಾಡ್ಕೊಂಡೇ ದೋಣಿ ಕಟ್ಟಬಹುದು. ಮನೇಲಿ ಈ ಮೋಟಾರಿಗೆ ಒಪ್ಪಿಗೆ ಸಿಕ್ಕಿದ್ದು ಇದೊಂದಕ್ಕೇ, ಬೆಲೆ ವಿಷಯ ಆಮೇಲೆ ಎತ್ತಲೇ ಇಲ್ಲ.

ಸಣ್ಣ ಪೆಟ್ರೋಲ್ ಮೋಟಾರ್‌ಗಳಲ್ಲಿ ರಿವರ್ಸ್ ಗೇರೇ ಇರಲ್ಲ, ಇದು ಗೊತ್ತಿರ್ಲಿ. ಹೋಂಡಾ ಬಿಎಫ್ 2.3, ಸುಜುಕಿ 2.5 ಎರಡರಲ್ಲೂ ಹಿಂದೆ ಹೋಗ್ಬೇಕು ಅಂದ್ರೆ ಪೂರ್ತಿ ಮೋಟಾರನ್ನೇ ಗಿರ್ರಂತ ಹಿಂದಕ್ಕೆ ತಿರುಗಿಸ್ಬೇಕು. ಹೋಂಡಾ 13-14 ಕೆಜಿ, ಒಂದು ಕೈಲಿ ಎತ್ಕೊಂಡು ಹೋಗ್ಬಹುದು, ಗಾಳಿಲೇ ತಣ್ಣಗಾಗೋ ಎಂಜಿನ್ ಆದ್ರಿಂದ ಇಂಪೆಲರ್ ಕಾಟ ಇಲ್ಲ, ಆದ್ರೆ ಸದ್ದು ಜೋರು. ಟ್ಯಾಂಕ್ ಹತ್ರಹತ್ರ ಒಂದು ಲೀಟರ್. ಒಳಗೆ ಕ್ಯಾಬಿನ್ ಇಲ್ಲದ 14-16 ಅಡಿ ದೋಣಿಗೆ ಪೆಟ್ರೋಲ್ದೇ ಬೇಕು ಅಂದ್ರೆ ಇವು ಸಾಕು.

ಈಗ ಪೆಟ್ರೋಲ್ ಪರವಾಗಿ ವಾದ, ನ್ಯಾಯವಾಗಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಲಿ ಗಾಳಿ ಒಂದು ಟೈಮ್‌ಟೇಬಲ್ ಪ್ರಕಾರ ನಡೆಯುತ್ತೆ. ಬೇಸಿಗೇಲಿ ಒಳನಾಡು ಕಾದು ಸಮುದ್ರದ ತಣ್ಣನೆ ಗಾಳಿನ ಗೋಲ್ಡನ್ ಗೇಟ್ (ಸಮುದ್ರದಿಂದ ಕೊಲ್ಲಿಗೆ ಬರೋ ಬಾಯಿ) ಸಂದಿಯಿಂದ ಎಳ್ಕೊಳ್ಳುತ್ತೆ, ಮಧ್ಯಾಹ್ನದ ಮೇಲೆ 20-25 ನಾಟ್ ಬೀಸೋದು ಮಾಮೂಲು. ಬರ್ಕ್ಲಿ ಆ ಸಂದಿಗೆ ನೇರ ಎದುರಿಗೆ ಪೂರ್ವ ದಡದಲ್ಲಿದೆ, ಅಂದ್ರೆ ಹೋಗೋವಾಗ ಗಾಳಿ ಮುಖಕ್ಕೆ, ಬರೋವಾಗ ಗಾಳಿನೇ ಬೆನ್ನು ತಳ್ಕೊಂಡು ಬಂದು ಮನೆಗೆ ಬಿಡುತ್ತೆ. ಬೇಸಿಗೇಲಿ ಬರ್ಕ್ಲಿಯವನಿಗೆ ಬ್ಯಾಟರಿ ಮೋಟಾರ್ ಧಾರಾಳ ಸಾಕಾಗೋದು ಈ ಕಾರಣಕ್ಕೆ, ಮೋಟಾರ್ ಚೆನ್ನಾಗಿದೆ ಅಂತ ಮಾತ್ರ ಅಲ್ಲ. ಸಾಸಲಿಟೊ ಥರ ಗೇಟ್ ಹತ್ರ ದೋಣಿ ಇಟ್ಟವರು ಪೂರ್ವಕ್ಕೆ ಬಂದು ಸಂಜೆ ವಾಪಸ್ ಹೋಗ್ಬೇಕು ಅಂದ್ರೆ ಇದೇ ಲೆಕ್ಕ ಉಲ್ಟಾ.

ಚಳಿಗಾಲ ಬೇರೆ ಕಥೆ. ಗಾಳಿ ಬರ್ಬಹುದು ಬರದೇ ಇರ್ಬಹುದು, ಐದು ಗಂಟೆಗೆ ಕತ್ತಲೆ. ಉಬ್ಬರ ಇಳಿತದ ಸೆಳೆತ ಮಾತ್ರ ರಜಾ ಹಾಕಲ್ಲ. ಗೇಟಲ್ಲಿ ಇಳಿತದ ಸೆಳೆತ 4 ನಾಟ್ ದಾಟೋದುಂಟು, ಏಂಜಲ್ ಐಲ್ಯಾಂಡ್ ಪಕ್ಕದ ರಕೂನ್ ಸ್ಟ್ರೈಟಲ್ಲೂ 2-3 ನಾಟ್ ಸಿಗುತ್ತೆ. ನಿಮ್ಮ ಎದುರಿಗೆ 3 ನಾಟ್ ಸೆಳೆತ ಇದೆ, ಗಾಳಿ ಪೂರ್ತಿ ಸತ್ತಿದೆ ಅಂತ ಇಟ್ಕೊಳ್ಳಿ. ಬ್ಯಾಟರಿ ಮೋಟಾರ್ ಪೂರ್ತಿ ಒತ್ತಿದ್ರೆ ನೀರಲ್ಲಿ 4.3, ನೆಲದ ಮೇಲೆ 1.3, ಒಂದೂಕಾಲು ಗಂಟೆಲಿ ಬ್ಯಾಟರಿ ಮುಗಿಯೋ ಹೊತ್ತಿಗೆ ಒಂದೂವರೆ ಮೈಲಿ ಮೇಲೆ ಚೂರು ಹೋಗಿರ್ತೀರ. ಉಳಿತಾಯ ಮಾಡೋಣ ಅಂತ 3 ನಾಟ್‌ಗೆ ಇಳಿಸಿದ್ರೋ, ಮೂರೂವರೆ ಗಂಟೆ ಮೋಟಾರ್ ಓಡುತ್ತೆ, ನೀವು ಇದ್ದಲ್ಲೇ ಇರ್ತೀರ. ನಿಧಾನ ಹೋದ್ರೆ ದೂರ ಹೋಗ್ಬಹುದು ಅನ್ನೋ ಬ್ರೋಷರ್ ಲೆಕ್ಕ ಸರೋವರಕ್ಕೆ ಸರಿ, ಸೆಳೆತ ಇರೋ ಕಡೆ ಅದು ಪೂರ್ತಿ ತಲೆಕೆಳಗು. ಟೊಹಾಟ್ಸು ಇದ್ದೋರು ಐದೂವರೆ ನಾಟಲ್ಲಿ ಗಂಟೆಗೆ ಎರಡೂವರೆ ಮೈಲಿ ಹೋಗ್ತಾ ಇರ್ತಾರೆ, ಟ್ಯಾಂಕ್ ಇರೋವರೆಗೆ.

ಬ್ಯಾಟರಿಯವನು ಏನ್ ಮಾಡ್ಬೇಕು ಅಂದ್ರೆ ಹೊರಡೋಕೆ ಮುಂಚೆ ಟೈಡ್ ಟೇಬಲ್ ನೋಡ್ಬೇಕು, ಸೆಳೆತ ತಿರುಗೋವರೆಗೆ ಕಾಯೋಕೆ ಲಂಗರು ಸರಿಯಾಗಿ ಇಟ್ಕೊಂಡಿರ್ಬೇಕು. ನಮ್ಮೂರಿನ ಕಡೆ ಗಂಗೊಳ್ಳಿ ಅಳಿವೆಲಿ ಹಳಬರು ಹಾಯಿ ಹುಟ್ಟು ನಂಬ್ಕೊಂಡಿದ್ದ ಕಾಲದಲ್ಲಿ ಭರತ (ಉಬ್ಬರ) ನೋಡ್ಕೊಂಡೇ ಒಳಗೆ ಬರ್ತಾ ಇದ್ರಲ್ಲ, ಅದನ್ನ ಮತ್ತೆ ಕಲಿಯೋದು ಅಷ್ಟೇ. ನನಗೆ ಅದು ಇಷ್ಟ. ಸೋಮವಾರ ಬೆಳಿಗ್ಗೆ ಮೀಟಿಂಗ್ ಇಟ್ಕೊಂಡು ಭಾನುವಾರ ಸಂಜೆ ಆರು ತಾಸು ಲಂಗರು ಹಾಕಿ ಕೂರೋದು ಎಲ್ಲರಿಗೂ ಇಷ್ಟ ಆಗ್ಬೇಕು ಅಂತ ಇಲ್ಲ.

ಊರಲ್ಲಿ ನಾಡದೋಣಿ ಇರೋ ಭಾವನಿಗೆ ವಿಡಿಯೋ ಕಾಲಲ್ಲಿ ಈ ಮೋಟಾರ್ ತೋರ್ಸಿದೆ. ಪೂರ್ತಿ ನೋಡಿ, ಸದ್ದು ಇಲ್ಲದ್ದು ಚಂದ ಇತ್ತು ಅಂತ ಹೇಳಿ, ಆಮೇಲೆ ಕೇಳಿದ್ದು ಒಂದೇ ಮಾತು, "ಹ್ವಾಯ್, ಒಂದ್ ಗಂಟಿ ಆದ್ಮೇಲೆ ಎಂತ ಮಾಡುದ್ ಮರಾಯಾ?" ಸರಿಯಾದ ಪ್ರಶ್ನೆ. ಕರಾವಳಿಯ ನಾಡದೋಣಿಯವರು ಸೀಮೆಎಣ್ಣೆ ಔಟ್‌ಬೋರ್ಡ್ (ದೋಣಿ ಹಿಂದೆ ನೇತಾಕೋ ಮೋಟಾರ್) ನಂಬ್ಕೊಂಡವರು, ಸರ್ಕಾರದ ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಬರಲ್ಲ ಅಂತ ಪ್ರತಿ ವರ್ಷ ಗಲಾಟೆ ಆಗೋದು ಪೇಪರಲ್ಲಿ ಓದಿರ್ತೀರ. ಬಲೆ ತುಂಬ್ಕೊಂಡು ಅಲೆ ಎದುರಿಗೆ ಬರೋರಿಗೆ ಇವತ್ತಿನ ಒಂದು ಕಿಲೋವ್ಯಾಟ್ ಮೋಟಾರ್ ಆಟಿಕೆ. ಹಾಯಿದೋಣಿಯವನಿಗೆ ಅದು ನಡೆಯೋದು ತಲೆ ಮೇಲೆ ಇನ್ನೊಂದು ಎಂಜಿನ್, ಅಂದ್ರೆ ಹಾಯಿ, ಇರೋದಕ್ಕೆ.

ಅಲೆ ಅಂದಮೇಲೆ ಶಾಫ್ಟ್ ಉದ್ದದ ವಿಷಯ, ಅಂದ್ರೆ ಮೋಟಾರಿಂದ ನೀರೊಳಗೆ ಪ್ರೊಪೆಲ್ಲರ್ ಕಡೆಗೆ ಇಳಿಯೋ ಕಂಬದ ಉದ್ದ. ಯಾವ ಥರದ್ದೇ ತಗೊಳ್ಳಿ, ಇಲ್ಲಿ ಜಿಪುಣತನ ಬೇಡ. ಬರ್ಕ್ಲಿ ಮರೀನಾ ಬಾಯಲ್ಲಿ ಮಧ್ಯಾಹ್ನ ಕುಳ್ಳ ಅಲೆ ಎದ್ದಿರುತ್ತೆ, ಮೂತಿ ಕೆಳಗೆ ಹೋದಾಗ ಹಿಂಭಾಗ ಎದ್ದು ಪ್ರೊಪೆಲ್ಲರ್ ಗಾಳಿಲಿ ತಿರುಗುತ್ತೆ, ಪೆಟ್ರೋಲ್ ಎಂಜಿನ್ ಆಗ ಕಿರುಚಿಕೊಳ್ಳೋದು ಕೇಳೋಕಾಗಲ್ಲ. ಸೇಲ್ ಪ್ರೊ 25 ಇಂಚು ಶಾಫ್ಟ್‌ದು, ಹಾಯಿದೋಣಿಗೆ ಅಂತಲೇ ಮಾಡಿದ್ದು, ಪ್ರೊಪೆಲ್ಲರ್ ಕೂಡ ಭಾರ ತಳ್ಳೋಕೆ ಹೊಂದೋ ಥರದ್ದು. ಬ್ಯಾಟರಿ ಮೋಟಾರ್ ತಗೊಳ್ಳೋವಾಗ್ಲೂ ಉದ್ದ ಶಾಫ್ಟಿಂದೇ ತಗೊಳ್ಳಿ, ಸಣ್ಣದು ಡಿಸ್ಕೌಂಟಲ್ಲಿ ಇತ್ತು ಅಂತ ತರಬೇಡಿ. ಜೋರು ಅಲೇಲಿ ಸೇಲ್ ಪ್ರೊನೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಸೇಲ್ ಪ್ರೊನಲ್ಲಿ 12 ವೋಲ್ಟ್ 5 ಆಂಪ್ ಆಲ್ಟರ್ನೇಟರ್ ಕೂಡ ಇದೆ, ರೇಡಿಯೋ ಮತ್ತೆ ರಾತ್ರಿ ದೀಪದ ಬ್ಯಾಟರಿ ಚಾರ್ಜ್ ಆಗುತ್ತೆ. ನಾನು ಅದಕ್ಕೆ ಬೇರೆ ಸಣ್ಣ ಸೋಲಾರ್ ಪ್ಯಾನೆಲ್ ಹಾಕ್ಬೇಕಾಯ್ತು. ಭಾರ ನೋಡಿದ್ರೆ ಸೇಲ್ ಪ್ರೊ 28 ಕೆಜಿ ಹತ್ರ, ಅಲ್ಲಾಡೋ ದೋಣಿ ಹಿಂಭಾಗದಲ್ಲಿ ಬಗ್ಗಿ ಎತ್ತೋದು ಸೊಂಟ ಗಟ್ಟಿ ಇರೋರಿಗೆ. ಸ್ಪಿರಿಟ್ ಎರಡು ತುಂಡಾಗುತ್ತೆ, ಮೋಟಾರ್ 11 ಕೆಜಿ, ಬ್ಯಾಟರಿ 9 ಕೆಜಿ, ಕೈಜಾರಿ ನೀರಿಗೆ ಬಿದ್ರೂ ಬ್ಯಾಟರಿ ತೇಲುತ್ತೆ.

ಬ್ಯಾಟರಿ ಮೋಟಾರಲ್ಲೇ ಯಾವುದು? ಟಾರ್ಕೀಡೊ ಹಳೇ ಹೆಸರು, ಜರ್ಮನಿಯ ಸ್ಟಾರ್ನ್‌ಬರ್ಗ್ ಸರೋವರದ ಪಕ್ಕ 2005ರಲ್ಲಿ ಶುರುವಾಗಿದ್ದು. ಆ ಸರೋವರದಲ್ಲಿ ಪೆಟ್ರೋಲ್ ಮೋಟಾರಿಗೆ ಲೈಸೆನ್ಸ್ ಸಿಗೋದು ಕಷ್ಟ, ಅದೇ ಕಾರಣಕ್ಕೆ ಹುಟ್ಟಿದ ಕಂಪನಿ. 2024ರಲ್ಲಿ ಅದನ್ನ ಕೊಂಡಿದ್ದು ಯಾರು ಗೊತ್ತಾ, ಯಮಾಹಾ. ಪೆಟ್ರೋಲ್ ಔಟ್‌ಬೋರ್ಡ್ ಮಾರಿ ದೊಡ್ಡೋರಾದವರೇ. ಟ್ರಾವೆಲ್ 1103 ಅನ್ನೋ ಮಾಡೆಲಲ್ಲಿ 915 ವ್ಯಾಟ್-ಅವರ್ ಬ್ಯಾಟರಿ, ಒಳಗೇ ಜಿಪಿಎಸ್ ಇದ್ದು ಇನ್ನೂ ಎಷ್ಟು ಮೈಲಿ ಹೋಗ್ಬಹುದು ಅಂತ ತೋರಿಸುತ್ತೆ, ಅದು ನಿಜಕ್ಕೂ ಉಪಯೋಗ. ಆದ್ರೆ ಬೆಲೆ ಜಾಸ್ತಿ, ಬ್ಯಾಟರಿ ಸಣ್ಣದು, ಹಾಗಾಗಿ ನಾನು ಸ್ಪಿರಿಟ್ ಕಡೆ ಹೋದೆ. ಸ್ಪಿರಿಟ್ ಇವೊ ಅಂತ ಇನ್ನೊಂದಿದೆ, ಹಾಯಿಲಿ ಹೋಗೋವಾಗ ಪ್ರೊಪೆಲ್ಲರ್ ತಿರುಗಿ ಬ್ಯಾಟರಿ ಚಾರ್ಜ್ ಮಾಡುತ್ತೆ ಅಂತ. ಕೇಳೋಕೆ ಚಂದ, ಆದ್ರೆ ನಮ್ಮಂಥ 5 ನಾಟ್ ದೋಣಿಗೆ ಅದರಿಂದ ಬರೋದು ಚಿಲ್ಲರೆ ವ್ಯಾಟು, ಮೇಲಿಂದ ನೀರಲ್ಲಿ ಮೋಟಾರ್ ಎಳ್ಕೊಂಡು ಹೋಗೋ ಭಾರ ಬೇರೆ. 35 ಅಡಿ ದೋಣಿಯವರು ಯೋಚನೆ ಮಾಡ್ಲಿ. ಮರ್ಕ್ಯುರಿ 2023ರಲ್ಲಿ ಬಿಟ್ಟ ಅವೇಟರ್ 7.5ಇ ನೋಡೋಕೆ ಬಹಳ ಅಚ್ಚುಕಟ್ಟು, ಒಂದು ಯೂನಿಟ್ ಬ್ಯಾಟರಿ, ಆದ್ರೆ ನಾನು ಓಡಿಸಿಲ್ಲ.

ಇನ್ನೊಂದು ದಾರಿ ಇದೆ, ಅದನ್ನ ಯಾರೂ ಮಾರಲ್ಲ ಯಾಕಂದ್ರೆ ಲಾಭ ಇಲ್ಲ. ದೋಣಿ 16-18 ಅಡಿ ಒಳಗಿದ್ದು ಬರೀ ಸರೋವರದಲ್ಲಿ ಓಡಿಸೋದಾದ್ರೆ ಮೀನು ಹಿಡಿಯೋರು ಹಾಕೋ 55 ಪೌಂಡ್ ಬಲದಿಂದ ತಳ್ಳೋ ಸಣ್ಣ ಬ್ಯಾಟರಿ ಮೋಟಾರ್ (ಟ್ರೋಲಿಂಗ್ ಮೋಟಾರ್ ಅಂತಾರೆ) ಮತ್ತೆ ಒಂದು 12 ವೋಲ್ಟ್ 100 ಆಂಪ್-ಅವರ್ ಲಿಥಿಯಂ ಬ್ಯಾಟರಿ ತಗೊಳ್ಳಿ. ಲೆಕ್ಕ ಹಾಕಿ ನೋಡಿ, ಶಕ್ತಿ ಸ್ಪಿರಿಟ್ ಬ್ಯಾಟರಿಯಷ್ಟೇ ಇದೆ, ದುಡ್ಡು ಅರ್ಧಕ್ಕಿಂತ ಎಷ್ಟೋ ಕಮ್ಮಿ. ಪೂರ್ತಿ ಒತ್ತಿದ್ರೂ 600 ವ್ಯಾಟ್ ಎಳೆಯೋದು ಅಷ್ಟೇ, ಹಾಗಾಗಿ ಗಾಳಿಗೆದುರು ತಳ್ಳೋ ತಾಕತ್ತು ಕಮ್ಮಿ. ಉಪ್ಪುನೀರಿಗೆ ಹಾಕೋದಾದ್ರೆ ಉಪ್ಪುನೀರಿಗೆ ಅಂತ ಮಾಡಿದ್ದೇ ತಗೊಳ್ಳಿ, ಇಲ್ದಿದ್ರೆ ತುಕ್ಕು ತಿಂದು ಹಾಕುತ್ತೆ.

ಖರ್ಚಿನ ಬಗ್ಗೆ ಉದ್ದ ಬರೆಯಲ್ಲ. ಸೇಲ್ ಪ್ರೊ, ಸ್ಪಿರಿಟ್ ಎರಡೂ ಎರಡು ಸಾವಿರ ಡಾಲರ್ ಆಸುಪಾಸಲ್ಲಿ ಶುರು. ಪೆಟ್ರೋಲ್ ಉಳಿತಾಯ ಅನ್ನೋದು ನಮ್ಮಂಥೋರಿಗೆ ದೊಡ್ಡ ವಿಷಯನೇ ಅಲ್ಲ, ವರ್ಷಕ್ಕೆ ಎಷ್ಟು ಲೀಟರ್ ಸುಡ್ತೀವಿ ಹೇಳಿ. ಉಳಿಯೋದು ಸರ್ವಿಸ್ ಖರ್ಚು ಮತ್ತೆ ಭಾನುವಾರ. ಆದ್ರೆ ಬ್ಯಾಟರಿಗೆ ವಯಸ್ಸಾಗುತ್ತೆ, ಹೊಸದು ಬೇಕಂದ್ರೆ ಸಾವಿರ ಡಾಲರ್ ಮೇಲೆ, ಚೆನ್ನಾಗಿ ನೋಡ್ಕೊಂಡ ಪೆಟ್ರೋಲ್ ಮೋಟಾರ್ ಇಪ್ಪತ್ತು ವರ್ಷ ಬರ್ಬಹುದು. ಬ್ಯಾಟರಿ ಪೂರ್ತಿ ತುಂಬಿಸಿ ಬಿಸಿಲಲ್ಲಿ ತಿಂಗಳುಗಟ್ಟಲೆ ಇಡ್ಬೇಡಿ, ಅರ್ಧದಷ್ಟು ಇಟ್ಟು ಮನೆಗೆ ತನ್ನಿ. ಕಾರ್ ಡಿಕ್ಕಿಲಿ ಪೆಟ್ರೋಲ್ ವಾಸನೆ ಇರಲ್ಲ ಅನ್ನೋದು ಬೋನಸ್. ಕಳ್ಳರ ಕಾಟ ಇರೋ ಮರೀನಾದಲ್ಲಿ ಬ್ಯಾಟರಿ ಬಿಚ್ಕೊಂಡು ಬಂದ್ರೆ ಅರ್ಧ ನೆಮ್ಮದಿ. ಹಾಗೇ, ಬ್ಯಾಟರಿದು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ರಿಯಾಯ್ತಿ ಏನಿಲ್ಲ, ಮೋಟಾರ್ ಇದ್ರೆ ಬೋಟರ್ ಕಾರ್ಡ್ (ದೋಣಿ ಓಡಿಸೋರು ಇಟ್ಕೋಬೇಕಾದ ಸರ್ಕಾರಿ ಕಾರ್ಡ್) ಬೇಕೇ ಬೇಕು, 2025ರಿಂದ ಎಲ್ಲಾ ವಯಸ್ಸಿನವರಿಗೂ.

ಇಲ್ಲಿಂದ ಊರಿಗೆ ಹೋಗೋವಾಗ ಒಂದು ತಗೊಂಡು ಬಾ, ಕೆಆರ್‌ಎಸ್ ಹಿನ್ನೀರಲ್ಲಿ ಹಾಕೋಣ ಅಂತ ಫ್ರೆಂಡ್ಸ್ ಕೇಳ್ತಾರೆ. ಆಗಲ್ಲ. ವಿಮಾನದಲ್ಲಿ ಪ್ಯಾಸೆಂಜರ್ ತಗೊಂಡು ಹೋಗೋ ಲಿಥಿಯಂ ಬ್ಯಾಟರಿಗೆ ಮಿತಿ 100 ವ್ಯಾಟ್-ಅವರ್, ಏರ್‌ಲೈನ್ ಒಪ್ಪಿದ್ರೆ 160. ಇದು 1276. ಕೈಲೂ ಬೇಡ, ಚೆಕ್-ಇನ್‌ಲೂ ಬೇಡ. ಓಡಿಸಿದ ಪೆಟ್ರೋಲ್ ಮೋಟಾರನ್ನೂ ಟ್ಯಾಂಕಲ್ಲಿ ವಾಸನೆ ಇದ್ರೆ ಬಿಡಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಒಂದೆರಡು ಮಾತು. ಪೆಟ್ರೋಲ್ ಮೋಟಾರ್ ನೋಡೋಕೆ ಹೋದಾಗ ಮುಚ್ಚಳ ಮುಟ್ಟಿ ನೋಡಿ, ಬೆಚ್ಚಗಿದ್ರೆ ಮಾರೋರು ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ತಣ್ಣಗಾದ್ಮೇಲೆ ಬರ್ತೀನಿ ಅಂತ ಹೇಳಿ ವಾಪಸ್ ಬನ್ನಿ. ಸ್ಟಾರ್ಟ್ ಆದ್ಮೇಲೆ ಚೋಕ್ ಒತ್ತಿ ಐದು ನಿಮಿಷ ಐಡಲಲ್ಲಿ ಬಿಡಿ, ಜೆಟ್ ಕಟ್ಕೊಂಡಿದ್ರೆ ಅಲ್ಲೇ ಗೊತ್ತಾಗುತ್ತೆ, ನೀರಿನ ಧಾರೆ ನೋಡಿ, ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಹೋಗಿದೆ ಅಂತ ಅರ್ಥ. ಇವೆಲ್ಲ ಸರಿ ಇದ್ರೆ ಹಳೇ ಪೆಟ್ರೋಲ್ ಮೋಟಾರ್ ಕಣ್ಣುಮುಚ್ಚಿ ತಗೊಳ್ಳಿ. ಹಳೇ ಬ್ಯಾಟರಿ ಮೋಟಾರ್ ಆದ್ರೆ ಬ್ಯಾಟರಿಗೆ ಬೆಲೆ ಸೊನ್ನೆ ಅಂತ ಲೆಕ್ಕ ಹಾಕಿ ಚೌಕಾಸಿ ಮಾಡಿ. ಮಾರೋರು ಪೂರ್ತಿ ಚಾರ್ಜ್ ಮಾಡಿಟ್ಟು, ದಕ್ಕೆಗೆ ಕಟ್ಟಿದ ದೋಣಿಲಿ ನಿಮ್ಮೆದುರು ಒಂದು ಗಂಟೆ ಫುಲ್ ಓಡಿಸಿ ತೋರಿಸೋಕೆ ಒಪ್ಪಿದ್ರೆ ಮಾತ್ರ ಮುಂದಿನ ಮಾತು.